ಕಂಡಕ್ಟರಣ್ಣನ ಎಡರಟ್ಟೆ

ಅವರ ಎಡರಟ್ಟೆಯಲ್ಲಿ, ಮೊಣಕೈಯಿಂದ ಭುಜದ ಕಡೆಗೆ, ಹೆಬ್ಬೆರಳು ದಪ್ಪದ ಒಂದು ರಕ್ತನಾಳ ಅಂಕುಡೊಂಕಾಗಿ ಉಬ್ಬಿಕೊಂಡಿತ್ತು. ಅದರ ಮೇಲೆ ಅಂಗೈ ಇಟ್ಟರೆ ಒಳಗಿನಿಂದ ಝುಂ ಎಂದು ನಡುಗುವುದು ತಿಳಿಯುತ್ತಿತ್ತು. ಕಿವಿ ಹಚ್ಚಿದರೆ ದೂರದಲ್ಲೆಲ್ಲೋ ನಿಂತ ಬಸ್ಸಿನ ಇಂಜಿನ್ ಓಡುತ್ತಿರುವ ಹಾಗೆ ಸದ್ದು. ಮೊದಲ ಸಲ ಮುಟ್ಟಿದವರು ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕಂಡಕ್ಟರಣ್ಣನಿಗೆ ಅದನ್ನು ಕಂಡು ನಗು. "ಹೆದ್ರಬ್ಯಾಡಿ ಮರಾಯ್ರೆ, ಗಾಡಿ ಸ್ಟಾರ್ಟಿಂಗಂಗೆ ಇತ್ತ್, ಅಷ್ಟೇ" ಎನ್ನುತ್ತಿದ್ದರು.

ಆ ಮಾತು ಅವರ ಬಾಯಿಗೆ ಬರುವುದು ಸಹಜವೇ. ಕುಂದಾಪುರದಿಂದ ವಂಡ್ಸೆಯ ಮೇಲೆ ಕೊಲ್ಲೂರಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಅವರು ಬಹಳ ವರ್ಷ ಕಂಡಕ್ಟರ್ ಆಗಿದ್ದವರು. ನಾನು ಕುಂದಾಪುರದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ಆ ರಟ್ಟೆಯನ್ನು ನನ್ನಷ್ಟು ಸಲ ಮುಟ್ಟಿ ನೋಡಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಆದರೆ ನಾನು ಅದನ್ನು ಮುಟ್ಟುವುದಕ್ಕೆ ಎಷ್ಟೋ ಮೊದಲು ಅದು ನನ್ನನ್ನು ಹಿಡಿದು ಎಳೆದುಕೊಂಡಿತ್ತು.

ತೊಂಬತ್ತೇಳರಲ್ಲಿ ನಾನು ವಂಡ್ಸೆಯಿಂದ ಕುಂದಾಪುರಕ್ಕೆ ಕಾಲೇಜಿಗೆ ಹೋಗಲು ಶುರು ಮಾಡಿದೆ. ನಮ್ಮ ಮನೆ ರಸ್ತೆಯಿಂದ ಸಾಕಷ್ಟು ಒಳಗೆ. ಬೆಳಿಗ್ಗೆ ದನದ ಕೆಲಸ, ಬಾವಿಯಿಂದ ನೀರು, ಆಮೇಲೆ ನನ್ನ ಜಡೆ, ಇಷ್ಟೆಲ್ಲ ಮುಗಿಸಿ ನಾನು ರಸ್ತೆ ಮುಟ್ಟುವ ಹೊತ್ತಿಗೆ ಬಸ್ಸು ಹೊರಟಿರುತ್ತಿತ್ತು. ಕಂಡಕ್ಟರಣ್ಣ ಬಾಗಿಲಿನ ಮೆಟ್ಟಿಲ ಮೇಲೆ ನಿಂತು, ಬಲಗೈಯಲ್ಲಿ ಸರಳು ಹಿಡಿದು, ಎಡಗೈ ಹೊರಗೆ ಚಾಚುತ್ತಿದ್ದರು. ಓಡಿ ಬಂದವಳ ರಟ್ಟೆ ಹಿಡಿದು ಒಂದೇ ಎಳೆತಕ್ಕೆ ಒಳಗೆ ಹಾಕಿಕೊಳ್ಳುತ್ತಿದ್ದರು. ಚೀಲ, ಛತ್ರಿ, ಚಪ್ಪಲಿ ಎಲ್ಲ ಸಮೇತ. "ನಾಳೆಯಿಂದ ಬಸ್ಸನ್ನೇ ನಿಮ್ಮನೆ ಅಂಗಳಕ್ಕೆ ತತ್ತೆ" ಎಂದು ದಿನಾ ಬೈಯುತ್ತಿದ್ದರು. ಮರುದಿನ ಮತ್ತೆ ಅದೇ ಕೈ.

ಬಸ್ಸು ತುಂಬಿ ಉಸಿರಾಡಲು ಜಾಗವಿಲ್ಲದಾಗಲೂ ಅವರ ಗಂಟಲು ಸುಮ್ಮನಿರುತ್ತಿರಲಿಲ್ಲ. "ಹ್ವಾಯ್, ಒಳ್ಗ್ ಹೋಯ್ನಿ, ಒಳ್ಗ್ ಹೋಯ್ನಿ! ಒಳ್ಗೆ ಒಂದ್ ಮದ್ವಿ ಮಾಡುವಷ್ಟ್ ಜಾಗ ಇತ್ತ್!" ಯಾರು ಎಲ್ಲಿ ಇಳಿಯುತ್ತಾರೆಂದು ಅವರು ಕೇಳುತ್ತಿರಲಿಲ್ಲ, ಅದು ಅವರಿಗೆ ಗೊತ್ತಿರುತ್ತಿತ್ತು. ಕೇಳುತ್ತಿದ್ದದ್ದು ಬೇರೆ: ಅಮ್ಮನ ಮಂಡಿನೋವು ಹೇಗಿದೆ, ಗಬ್ಬದ ದನ ಕರು ಹಾಕಿತೇ, ಬೊಂಬಾಯಿಗೆ ಹೋದ ಅಣ್ಣ ಫೋನು ಮಾಡಿದನೇ. ಮೀನಿನ ಬುಟ್ಟಿಯ ಹೆಂಗಸರು ಹತ್ತಿ, ಬುಟ್ಟಿ ಇಳಿಸಿ, ಸರಿಯಾಗಿ ಕುಳಿತ ಮೇಲೆಯೇ ಅವರ ಸೀಟಿ ಊದುವುದು. ಡ್ರೈವರ್ ಎಷ್ಟೇ ಹಾರನ್ ಒತ್ತಿದರೂ ಅಷ್ಟೇ. ಅವರ ಸ್ವಂತ ಅಕ್ಕ ಕಡಲಂಚಿನ ಕೋಡಿಯಲ್ಲಿ ಮೀನು ಹೊರುವವರು ಎಂದು ನನಗೆ ಆಮೇಲೆ ಗೊತ್ತಾಯಿತು.

ನಾನು ನರ್ಸಿಂಗ್ ಕಲಿಯಲು ಹೊರಟ ದಿನ ಅಪ್ಪ ನನ್ನ ಹತ್ತಿರ ಮಾತಾಡಿರಲಿಲ್ಲ. ಹುಡುಗಿ ಕಂಡವರ ಮೈ ಮುಟ್ಟುವ ಕೆಲಸಕ್ಕೆ ಹೋಗುತ್ತಾಳೆ ಎಂದು ಅವರಿಗೆ ಸಿಟ್ಟು. ನಾನು ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಕಿಟಕಿ ಕಡೆ ಮುಖ ತಿರುಗಿಸಿ ಅಳುತ್ತಿದ್ದೆ. ಕಂಡಕ್ಟರಣ್ಣ ಬಂದು ಪಕ್ಕದಲ್ಲಿ ನಿಂತರು.

"ಎಂತಕ್ಕ್ ಮರ್ಕುದ್ ಹೆಣ್ಣೆ? ಊರಿನವ್ರಿಗೆಲ್ಲ ಸೂಜಿ ಚುಚ್ಚುಕೆ ಹೋಪವ್ಳ್ ನೀನ್. ಮರ್ಕುದ್ ಅವ್ರ ಕೆಲ್ಸ."

ಅಳುತ್ತಲೇ ನಗು ಬಂತು. "ಕಲ್ತ್ ಬಂದ ಮೇಲೆ ಮೊದಲ್ನೇ ಸೂಜಿ ನಂಗೇ ಚುಚ್ಚ್, ಆತ್ತಾ?" ಎಂದು ಹೇಳಿ ಮುಂದಿನ ಸೀಟಿಗೆ ಹೋದರು. ಬಸ್ಸಿನಲ್ಲಿ ಹೇಳುವ ಸಾವಿರ ಮಾತಿನಲ್ಲಿ ಅದೂ ಒಂದು. ನಾನು ಮರೆತೇಬಿಟ್ಟಿದ್ದೆ.

ಸುಮಾರು ಹತ್ತು ವರ್ಷದ ಮೇಲೆ ಅವರು ನಮ್ಮ ಡಯಾಲಿಸಿಸ್ ವಿಭಾಗದ ಬಾಗಿಲಲ್ಲಿ ಬಂದು ನಿಂತಾಗ ನನಗೆ ಮೊದಲು ಗುರುತು ಸಿಗಲಿಲ್ಲ. ಮುಖ ಊದಿತ್ತು, ಬಣ್ಣ ಮಂಕಾಗಿತ್ತು. ಬಿಪಿಯನ್ನು ವರ್ಷಗಟ್ಟಲೆ ಅಲಕ್ಷ್ಯ ಮಾಡಿ ಎರಡೂ ಕಿಡ್ನಿ ಹೋಗಿದ್ದವು. ಒಳಗೆ ಕಾಲಿಟ್ಟವರೇ ಸಾಲಾಗಿ ಹಾಕಿದ ಮಂಚಗಳನ್ನು, ಮಲಗಿದ ಜನರನ್ನು ಒಮ್ಮೆ ನೋಡಿ, "ಇಲ್ಲ್ ಒಳ್ಗ್ ಹೋಯ್ನಿ ಅಂಬುಕೂ ಜಾಗ ಇಲ್ಲೆ ಅಲ್ದಾ" ಎಂದರು. ಆ ಗಂಟಲು ಕೇಳಿ ಗುರುತು ಹಿಡಿದೆ.

ಇಲ್ಲಿ ಸ್ವಲ್ಪ ನನ್ನ ಕೆಲಸದ ವಿಷಯ ಹೇಳಬೇಕು. ಕಿಡ್ನಿ ಕೈಕೊಟ್ಟವರ ರಕ್ತವನ್ನು ಹೊರಗೆ ತೆಗೆದು, ಯಂತ್ರದಲ್ಲಿ ಸೋಸಿ, ವಾಪಸು ಒಳಗೆ ಬಿಡಬೇಕು. ಅದಕ್ಕೆ ರಕ್ತ ಜೋರಾಗಿ ಹರಿಯುವ ನಾಳ ಬೇಕು. ಚರ್ಮದಡಿ ನೀಲಿಯಾಗಿ ಕಾಣುವ ನಾಳಗಳಲ್ಲಿ ಆ ಜೋರಿಲ್ಲ. ಜೋರಿರುವ ಧಮನಿ ರಟ್ಟೆಯ ಒಳಬದಿಯಲ್ಲಿ, ಆಳದಲ್ಲಿ, ಬೆರಳುಗಳಿಗೆ ಹೋಗುವ ನರಗಳ ಮಗ್ಗುಲಲ್ಲೇ ಓಡುತ್ತದೆ. ಅದಕ್ಕೆ ಮತ್ತೆ ಮತ್ತೆ ಚುಚ್ಚುವ ಹಾಗಿಲ್ಲ. ಆದ್ದರಿಂದ ಮೊಣಕೈ ಹತ್ತಿರ ಆ ಧಮನಿಗೆ ಮೇಲಿನ ನಾಳವೊಂದನ್ನು ಜೋಡಿಸಿ ಹೊಲಿಯುತ್ತಾರೆ. ಧಮನಿಯ ರಕ್ತ ನುಗ್ಗಿ ನುಗ್ಗಿ, ಕೆಲವು ವಾರಗಳಲ್ಲಿ ಮೇಲಿನ ನಾಳ ದಪ್ಪವಾಗುತ್ತದೆ, ಝುಂ ಎಂದು ನಡುಗತೊಡಗುತ್ತದೆ. ಫಿಸ್ಟುಲಾ ಎನ್ನುತ್ತೇವೆ. ಆ ನಡುಕ ಇರುವವರೆಗೆ ರೋಗಿಗೆ ದಾರಿಯಿದೆ. ನಡುಕ ನಿಂತಿತೆಂದರೆ ಒಳಗೆ ರಕ್ತ ಹೆಪ್ಪುಗಟ್ಟಿತು, ದಾರಿ ಮುಚ್ಚಿತು ಎಂದೇ ಅರ್ಥ.

ಕಂಡಕ್ಟರಣ್ಣನ ಬಲಗೈಯಲ್ಲಿ ಮೊದಲು ಮಾಡಿದ್ದು ಕೂಡಿಬರಲಿಲ್ಲ. ಅಲ್ಲಿಯ ನಾಳಗಳೆಲ್ಲ ಸಣ್ಣ, ಮುರುಟಿಹೋದಂಥವು. ಎರಡನೆಯ ಸಲ ಎಡರಟ್ಟೆಗೆ ಮಾಡಿದರು. ಅದು ಕೂಡಿತು, ಎಷ್ಟು ಚೆನ್ನಾಗಿ ಕೂಡಿತೆಂದರೆ ನಮ್ಮ ಡಾಕ್ಟರು ಬೇರೆಯವರನ್ನು ಕರೆದು ತೋರಿಸುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ವರ್ಷಗಟ್ಟಲೆ ಮಕ್ಕಳನ್ನು ಎಳೆದುಕೊಂಡ ರಟ್ಟೆ ಅದು, ಗಟ್ಟಿಯಾಗಿತ್ತು.

ಆಗ ನಾನು ಆ ವಿಭಾಗಕ್ಕೆ ಹೊಸಬಳು. ಫಿಸ್ಟುಲಾಕ್ಕೆ ಹಾಕುವ ಸೂಜಿ ಮಾಮೂಲಿ ಸೂಜಿಯಲ್ಲ, ಬೆಂಕಿಕಡ್ಡಿಯಷ್ಟು ದಪ್ಪ. ಹಳೆಯ ರೋಗಿಗಳು ಹೊಸಬರನ್ನು ಹತ್ತಿರ ಬಿಡುವುದಿಲ್ಲ, ಅವರ ತಪ್ಪೂ ಅಲ್ಲ. ಮಂಚದಿಂದ ಮಂಚಕ್ಕೆ ನನ್ನನ್ನು ದಾಟಿಸುತ್ತಿದ್ದರು. ಕಂಡಕ್ಟರಣ್ಣ ಅಂಗಿಯ ತೋಳು ಮಡಚಿ ರಟ್ಟೆ ಚಾಚಿದರು. "ಬಾ ಹೆಣ್ಣೆ. ಬಸ್ಸಂಗೆ ಮಾತ್ ಆಯಿತ್ತ್, ನೆನ್ಪಿಲ್ಯಾ? ಮೊದಲ್ನೇದ್ ನಂಗೆ."

ನಾನು ಸೂಜಿ ಹಿಡಿದು ಬಗ್ಗಿದೆ. ಚುಚ್ಚಿದೆ. ಸ್ವಲ್ಪ ಒಳಬದಿಗೆ ಸರಿದುಹೋಯಿತು, ನರಕ್ಕೆ ತಾಗಿರಬೇಕು. ಅವರ ಬೆರಳುಗಳು ತಟ್ಟನೆ ಸೆಟೆದುಕೊಂಡವು. "ಅಯ್ಯಬ್ಬ, ಬೆರಳ್ ತುದಿಗೆ ಕರೆಂಟ್ ಬಂತ್!" ಎಂದರು. ನಾನು ಸೂಜಿ ಹಿಂದಕ್ಕೆ ತೆಗೆದು, ಸಾಧ್ಯವಿಲ್ಲ, ಹಿರಿಯ ಸಿಸ್ಟರನ್ನು ಕರೆಯುತ್ತೇನೆ ಎಂದು ಎದ್ದೆ. ಅವರು ಬಿಡಲಿಲ್ಲ.

"ಕೂಕೊ. ರಾಂಗ್ ರೂಟಂಗೆ ಹೋದ್ಯೆ, ಅಷ್ಟೇ. ಹಿಂದ್ ಬಂದ್ ತಿರುಗ್ಸ್. ಇಡೀ ಬಸ್ಸ್ ವಾಪಸ್ ಮನಿಗ್ ಕಳ್ಸುದಾ ಯಾರಾರೂ?"

ಎರಡನೆಯ ಸಲ ಸರಿಯಾಗಿ ಹೋಯಿತು. ಕೊಳವೆಯಲ್ಲಿ ರಕ್ತ ಕೆಂಪಗೆ ಏರಿದ್ದನ್ನು ಕಂಡು ನನಗೆ ಅಳು ಬಂತು. ಆಮೇಲೆ ಅವರ ಮಾತು ಕೇಳಿಯೇ ಉಳಿದ ರೋಗಿಗಳೂ ಕೈ ಕೊಟ್ಟರು. ಇವತ್ತು ನಾನು ಈ ಕೆಲಸದಲ್ಲಿ ಏನಾದರೂ ಆಗಿದ್ದರೆ ಅದು ಆ ರಟ್ಟೆಯಿಂದ.

ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅವರ ಪಾಳಿ. ಬಂದರೆಂದರೆ ನಮ್ಮ ವಿಭಾಗ ಬಸ್ಸಿನ ಹಾಗೆ. ಬೈಂದೂರಿನ ನಿವೃತ್ತ ಮಾಸ್ತರರು ಪಕ್ಕದ ಮಂಚ, ಅವರಿಗೆ ಕಿಟಕಿ ಬದಿ. ಬ್ರಹ್ಮಾವರದಿಂದ ಬರುವ ಹೆಂಗಸಿಗೆ ಫ್ಯಾನಿನ ಗಾಳಿ ಆಗದು, ಅವರಿಗೆ ಮೂಲೆ. ಯಾರು ಯಾವ ಮಂಚ ಎಂದು ಕಂಡಕ್ಟರಣ್ಣನೇ ತೀರ್ಮಾನ ಮಾಡುತ್ತಿದ್ದರು, ನಾವು ಸುಮ್ಮನೆ ಒಪ್ಪುತ್ತಿದ್ದೆವು. ಬೆಳಿಗ್ಗೆ ಎದ್ದ ಕೂಡಲೇ ರಟ್ಟೆಯನ್ನು ಕಿವಿಗೆ ಹಚ್ಚಿ ಸದ್ದು ಕೇಳಬೇಕೆಂದು ನಾವು ಎಲ್ಲರಿಗೂ ಹೇಳಿಕೊಡುತ್ತೇವೆ. ಎಲ್ಲರೂ ಮರೆಯುತ್ತಾರೆ, ಅವರು ಮರೆಯುತ್ತಿರಲಿಲ್ಲ. ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ, ವಾಚು ಕಟ್ಟುವ ಹಾಗಿಲ್ಲ, ಬಿಗಿ ತೋಳಿನ ಅಂಗಿ ಹಾಕುವ ಹಾಗಿಲ್ಲ, ಬಿಪಿ ನೋಡುವ ಪಟ್ಟಿಯನ್ನೂ ಸುತ್ತುವ ಹಾಗಿಲ್ಲ. ಇದೆಲ್ಲ ಅವರಿಗೆ ಬಾಯಿಪಾಠ. ಹೊಸ ರೋಗಿ ಬಂದರೆ ನಮಗಿಂತ ಮೊದಲು ಅವರೇ ಹೇಳುತ್ತಿದ್ದರು.

ಅವರ ಮನೆಯಲ್ಲಿದ್ದದ್ದು ಅಕ್ಕ ಒಬ್ಬರೇ. ತಾಯಿ ಸಣ್ಣಂದಿನಲ್ಲೇ ತೀರಿಹೋದ ಮೇಲೆ, ಗಂಡನನ್ನು ಕಡಲಲ್ಲಿ ಕಳೆದುಕೊಂಡು ತವರಿಗೆ ಬಂದ ಅಕ್ಕ ಸೊಂಟದ ಒಂದು ಬದಿಯಲ್ಲಿ ತಮ್ಮನನ್ನು, ತಲೆಯ ಮೇಲೆ ಬುಟ್ಟಿಯನ್ನು ಹೊತ್ತು ಬೀದಿ ಬೀದಿ ತಿರುಗಿ ಸಾಕಿದ್ದರು. ತಮ್ಮನಿಗೆ ಮದುವೆಯಾಗಲಿಲ್ಲ. ಆ ಅಕ್ಕನಿಗೆ ಅವರು ಕಾಯಿಲೆಯ ವಿಷಯ ಸರಿಯಾಗಿ ಹೇಳಿರಲಿಲ್ಲ. "ಮೈಯಂಗೆ ನೀರ್ ತುಂಬಿತ್ತ್, ತೆಗೂಕೆ ಹೋಪ್ದ್" ಎಂದಷ್ಟೇ. ಮಂಗಳವಾರ ಶುಕ್ರವಾರ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ ಎಂದು ಅಕ್ಕ ತಕರಾರು ಮಾಡಿದ್ದಕ್ಕೆ, "ದೈವಕ್ಕೂ ಅದೇ ದಿನ ಅಲ್ದಾ ಅಕ್ಕ" ಎಂದು ಬಾಯಿ ಮುಚ್ಚಿಸಿದ್ದರಂತೆ. ಮೇ ತಿಂಗಳ ಸೆಕೆಯಲ್ಲೂ ಸಡಿಲವಾದ ತುಂಬುತೋಳಿನ ಅಂಗಿ ಹಾಕಿಕೊಂಡು ರಟ್ಟೆ ಮುಚ್ಚಿಡುತ್ತಿದ್ದರು. ಅಕ್ಕನನ್ನು ಒಮ್ಮೆ ಕರೆದುಕೊಂಡು ಬನ್ನಿ, ನಾವೇ ಎಲ್ಲ ವಿವರಿಸುತ್ತೇವೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಬ್ಯಾಡ ಮರಾಯ್ತಿ. ಗೊತ್ತಾದ್ರೆ ಅವ್ಳ್ ಉಂಬುದಿಲ್ಲೆ, ಒರ್ಗುದಿಲ್ಲೆ" ಎನ್ನುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ, ಅವರ ಪಾಳಿಯಲ್ಲದ ದಿನ, ಕಂಡಕ್ಟರಣ್ಣ ಬಂದು ನನ್ನ ಮೇಜಿನ ಎದುರು ನಿಂತರು. ಅಂಗಿಯ ಗುಂಡಿ ಬಿಚ್ಚಿ, ಎಡಭುಜ ಹೊರಗೆ ತೆಗೆದು ರಟ್ಟೆ ನನ್ನ ಕಡೆ ಚಾಚಿದರು.

"ಕಾಣ್ ಹೆಣ್ಣೆ."

ಅಂಗೈ ಇಟ್ಟೆ. ಏನೂ ಇರಲಿಲ್ಲ. ನಾಳ ಗಟ್ಟಿಯಾಗಿ, ತಣ್ಣಗೆ, ಸುಮ್ಮನೆ ಬಿದ್ದಿತ್ತು. ಸ್ಟೆತಸ್ಕೋಪ್ ತಂದು ಮೊಣಕೈಯಿಂದ ಕಂಕುಳವರೆಗೆ ಇಟ್ಟು ಇಟ್ಟು ಕೇಳಿದೆ. ಒಂದು ಕಡೆ ಕೇಳಿಸದಿದ್ದರೆ ಇನ್ನೊಂದು ಕಡೆ ಕೇಳಿಸೀತು ಎಂಬಂತೆ ಮತ್ತೆ ಕೆಳಗಿನಿಂದ ಶುರು ಮಾಡಿದೆ. ಆಗ ಕಣ್ಣಿಗೆ ಬಿತ್ತು. ರಟ್ಟೆಯ ನಡುವೆ, ಸುತ್ತಲೂ, ತೆಳ್ಳಗೆ ಒಂದು ಕೆಂಪು ಗೆರೆ. ಅದರ ಸ್ವಲ್ಪ ಮೇಲೆ, ಸಡಿಲ ಮಾಡಿ ಭುಜದ ಕಡೆಗೆ ಸರಿಸಿದ ಒಂದು ಕಪ್ಪು ನೂಲು.

"ಇದೆಂತದ್?" ಎಂದೆ.

ಅವರು ಹೇಳಿದರು. ಹಿಂದಿನ ವಾರ ಡಯಾಲಿಸಿಸ್ ಮುಗಿಸಿ ಹೋದವರಿಗೆ ಚಳಿಜ್ವರ ಬಂದಿತ್ತು. ಅಕ್ಕ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಲು ಅಂಗಿ ತೆಗೆದಾಗ ಮೊದಲ ಸಲ ಆ ರಟ್ಟೆ ನೋಡಿದ್ದರು. ಮುಟ್ಟಿದಾಗ ಒಳಗಿನ ನಡುಕ ಕೈಗೆ ತಾಗಿತ್ತು. ಅಕ್ಕ ಕೂಗಿಕೊಂಡು ಹಿಂದೆ ಸರಿದಿದ್ದರಂತೆ. ಅವರಿಗೆ ಆ ಕ್ಷಣಕ್ಕೆ ಎಲ್ಲ ಅರ್ಥವಾಗಿಬಿಟ್ಟಿತು: ತಮ್ಮನನ್ನು ಇಷ್ಟು ದಿನ ಒಳಗೊಳಗೇ ತಿನ್ನುತ್ತಿರುವುದು ಇದೇ. ಚರ್ಮದಡಿ ಸೇರಿಕೊಂಡು ಹಗಲೂ ರಾತ್ರಿ ಗುಂಯ್‌ಗುಡುವ ಇದೇ ಕಾಯಿಲೆ. ತಮ್ಮನಿಗೆ ಏನೂ ಹೇಳದೆ ಮೈಮೇಲೆ ದೈವ ಬರುವ ಪಾತ್ರಿಯ ಹತ್ತಿರ ಹೋಗಿ, ನನ್ನ ತಮ್ಮನ ರಟ್ಟೆಯ ನಡುಕ ನಿಲ್ಲಲಿ ಎಂದು ಹರಕೆ ಹೊತ್ತರು. ಪಾತ್ರಿ ನೂಲು ಮಂತ್ರಿಸಿ ಕೊಟ್ಟರು. ಶುಕ್ರವಾರ ಇಡೀ ದಿನ ಉಪವಾಸ ಇದ್ದು, ಸಂಜೆ ತಮ್ಮನು ಆಸ್ಪತ್ರೆಯಿಂದ ಸುಸ್ತಾಗಿ ಬರುವುದನ್ನೇ ಕಾದು, ಜಗಲಿಯಲ್ಲಿ ಕೂರಿಸಿ, ಆ ನಡುಗುವ ನಾಳದ ಮೇಲೆಯೇ ಬಿಗಿಯಾಗಿ ಕಟ್ಟಿದರು.

"'ಬಿಗಿ ಆಯ್ತಾ ತಮ್ಮ?' ಅಂದೇಳಿ ಕೇಂಡ್ಳ್. 'ಇಲ್ಲೆ ಅಕ್ಕ' ಅಂದೆ" ಎಂದರು ಕಂಡಕ್ಟರಣ್ಣ. "ಅವ್ಳ್ ನೀರ್ ಸೈತ ಕುಡಿಲಿಲ್ಲೆ ಇಡೀ ದಿನ. ಎದ್ರಿಗೇ ಬಿಚ್ಚುದ್ ಹ್ಯಾಂಗೆ? ಉಂಡ್ ಮನಿಕಂಡ ಮೇಲೆ ಸಡ್ಲ ಮಾಡುವ ಅಂದೇಳಿ ಇದ್ದೆ. ಮೈಯಂಗೆ ತ್ರಾಣ ಇರ್ಲಿಲ್ಲೆ, ಕಣ್ಣ್ ಹತ್ತ್‌ಹೋಯ್ತ್."

ಡಯಾಲಿಸಿಸ್ ಆದ ದಿನ ಬಿಪಿ ಇಳಿದಿರುತ್ತದೆ, ರಕ್ತದ ಜೋರು ಕಡಿಮೆ. ಅಂಥ ಹೊತ್ತಿನಲ್ಲಿ ಒಂದು ನೂಲು ಸಾಕು.

"ಬೆಳಿಗ್ಗೆ ಅವ್ಳೇ ಎಬ್ಬಿಸ್ದಳ್. ರಟ್ಟಿ ಮೇಲೆ ಕೈ ಇಟ್ಕಂಡ್ ಕೂಕಂಡಿತ್ತಿದ್ಳ್. 'ನಿಂತಿತ್ ಕಾಣ್ ತಮ್ಮ, ನಡ್ಕ ನಿಂತಿತ್!' ಅಂದೇಳಿ ಮರ್ಕ್ತಿತ್ಲ್. ಖುಷಿಯಂಗೆ. ನಾನ್ ಕಿಮಿ ಹಚ್ಚಿ ಕಂಡೆ. ಗಾಡಿ ಆಫ್. ನಾನ್ ಹುಟ್ಟಿದಲ್ಲಿಂದ ಅಕ್ಕ ಅಷ್ಟ್ ಖುಷಿಯಂಗೆ ಇದ್ದದ್ ಕಂಡದ್ದಿಲ್ಲೆ ಹೆಣ್ಣೆ. ಎಂತ ಹೇಳುದ್ ನಾನ್?"

ನನ್ನ ಬಾಯಿ ಜೋರು ಎಂದು ಇಡೀ ಆಸ್ಪತ್ರೆಗೆ ಗೊತ್ತು. ಅವತ್ತು ನಾನು ಕೂಗಿದ್ದು ಹೊರಗಿನ ವರಾಂಡದವರೆಗೆ ಕೇಳಿಸಿತಂತೆ. ವಾಚು ಬೇಡ ಎಂದದ್ದು ನಿಮಗೆ ಗೊತ್ತಿಲ್ಲವೇ, ಊರಿಗೆಲ್ಲ ಬುದ್ಧಿ ಹೇಳುವವರಿಗೆ ಒಂದು ನೂಲು ಬಿಚ್ಚಲು ಆಗಲಿಲ್ಲವೇ, ಈಗಲೇ ಕೋಡಿಗೆ ಹೋಗಿ ಆ ಅಕ್ಕನನ್ನು ಕೇಳುತ್ತೇನೆ ಎಂದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿದರು. ಆಮೇಲೆ ಹೇಳಿದರು:

"ನಂಗ್ ಬೈ. ಎಷ್ಟ್ ಬೇಕಾರೂ ಬೈ. ಅಕ್ಕನಿಗ್ ಮಾತ್ರ ಹೇಳ್ಬ್ಯಾಡ. ನಾನ್ ಇದ್ರೂ ಹೇಳ್ಬ್ಯಾಡ, ಇಲ್ದಿದ್ರೂ ಹೇಳ್ಬ್ಯಾಡ."

ನಾನು ಕತ್ತರಿ ತೆಗೆದುಕೊಂಡು ಆ ನೂಲಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಕತ್ತರ್ಸ್‌ಬ್ಯಾಡ. ಮನಿಗ್ ಹೋರೆ ಅಕ್ಕ ಕಾಂತ್ಲ್." ಹೇಗೂ ಇನ್ನು ಅದು ಇದ್ದರೂ ಒಂದೇ, ಹೋದರೂ ಒಂದೇ. ಕತ್ತರಿ ಕೆಳಗಿಟ್ಟೆ.

ಡಾಕ್ಟರು ಬಂದು ನೋಡಿ ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ರಟ್ಟೆ ಕೊಯ್ದು ಹೆಪ್ಪು ತೆಗೆಯಲು ನೋಡಿದರು. ತೆಗೆದಷ್ಟೂ ಮತ್ತೆ ಕಟ್ಟಿತು. ಇನ್ನೊಂದು ಕಡೆ ಜೋಡಿಸೋಣವೆಂದು ಎರಡೂ ಕೈಗಳ ನಾಳಗಳನ್ನು ಸ್ಕ್ಯಾನ್ ಮಾಡಿ ಹುಡುಕಿದರು. ಬಲಗೈಯಲ್ಲಿ ಮೊದಲೇ ಇರಲಿಲ್ಲ. ಎಡಗೈಯಲ್ಲಿ ಇದ್ದದ್ದು ಅದೊಂದೇ. ಕೊನೆಗೆ ಕುತ್ತಿಗೆಯ ಪಕ್ಕದಲ್ಲಿ ತೂತು ಮಾಡಿ ಕೊಳವೆ ಹಾಕಿ ನಮ್ಮಲ್ಲಿಗೆ ವಾಪಸು ಕಳಿಸಿದರು. ಕುತ್ತಿಗೆಯ ಕೊಳವೆ ಎಂದರೇನೆಂದು ನಮಗೆ ಗೊತ್ತು. ಎಷ್ಟೇ ಕೈ ತೊಳೆದರೂ, ಎಷ್ಟೇ ಮದ್ದು ಹಚ್ಚಿ ಮುಚ್ಚಿದರೂ ಒಂದಲ್ಲ ಒಂದು ದಿನ ಅದರ ಮೂಲಕ ರೋಗಾಣು ರಕ್ತಕ್ಕೆ ಇಳಿಯುತ್ತದೆ.

ಯಂತ್ರಗಳೆಲ್ಲ ಸರಿಯಾಗಿದ್ದವು. ಮದ್ದಿತ್ತು, ಡಾಕ್ಟರಿದ್ದರು, ನನಗೆ ಆ ಹೊತ್ತಿಗೆ ಕಣ್ಣು ಮುಚ್ಚಿ ಸೂಜಿ ಹಾಕುವಷ್ಟು ಕೈ ಪಳಗಿತ್ತು. ಆದರೆ ಹಾಕಲು ಜಾಗವೇ ಇರಲಿಲ್ಲ. ಪ್ರತಿ ಸಲ ಬಂದು ಮಲಗಿದಾಗಲೂ ಅವರು ಎಡರಟ್ಟೆ ಚಾಚಿ "ಒಂದ್ ಸಲ ಕಾಣ್ ಹೆಣ್ಣೆ" ಎನ್ನುತ್ತಿದ್ದರು. ಇಬ್ಬರಿಗೂ ಗೊತ್ತಿದ್ದದ್ದೇ. ಆದರೂ ನಾನು ಅಂಗೈ ಇಟ್ಟು ನೋಡುತ್ತಿದ್ದೆ. "ಇಲ್ಲೆ ಅಣ್ಣ" ಎನ್ನುತ್ತಿದ್ದೆ. "ಇರ್ಲಿ ಬಿಡ್" ಎಂದು ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದರು. ಮನೆಗೆ ಹೋಗಿ ಅನ್ನ ಕಲಸಲು ಕೂತರೆ ಅಂಗೈಯಲ್ಲಿ ಆ ತಣ್ಣನೆಯ ನಾಳವೇ ಇದ್ದ ಹಾಗಾಗಿ ಊಟ ಸೇರುತ್ತಿರಲಿಲ್ಲ.

ಆಗಲೇ ಒಂದು ಶುಕ್ರವಾರ ಅಕ್ಕ ಮೊದಲ ಸಲ ಆಸ್ಪತ್ರೆಗೆ ಬಂದರು. ಸಣ್ಣ ಆಳು, ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಗಟ್ಟಿಯಾದ, ನೆಟ್ಟಗೆ ನಡೆಯುವ ಹೆಂಗಸು. ತಮ್ಮನ ಕುತ್ತಿಗೆಯ ಕೊಳವೆ ನೋಡಿ ಅವರಿಗೆ ಬೇಜಾರಾಗಲಿಲ್ಲ.

"ಕೈ ಗುಣ ಆಯ್ತಲ್ದಾ, ಅದ್ಕೇ ಈಗ ಕೈಗೆ ಚುಚ್ಚುದಿಲ್ಲೆ" ಎಂದು ನನಗೇ ವಿವರಿಸಿದರು.

ನಾನು ತಲೆಯಾಡಿಸಿದೆ. ಅವರು ಸೆರಗಿನ ಗಂಟು ಬಿಚ್ಚಿದರು. ಬಾಳೆಲೆಯ ತುಂಡಿನಲ್ಲಿ ಒಂದು ಹಿಡಿ ಕಪ್ಪು ನೂಲು. ತಮ್ಮನ ಅಕ್ಕಪಕ್ಕದ ಮಂಚಗಳಲ್ಲಿ ಮಲಗುವ ಇವರೆಲ್ಲರ ರಟ್ಟೆಯಲ್ಲೂ ಅದೇ ನಡುಕ ಇದೆಯೆಂದು ಯಾರೋ ಹೇಳಿದ್ದರಂತೆ. ಪಾಪ, ಎಲ್ಲರಿಗೂ ಗುಣವಾಗಲಿ ಎಂದು ಪಾತ್ರಿಯ ಹತ್ತಿರ ಹೋಗಿ ಮಂತ್ರಿಸಿ ತಂದಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಮಾಸ್ತರರ ಮಂಚದ ಬಳಿಗೆ ಹೋಗಿ ಅವರ ರಟ್ಟೆ ಹಿಡಿದರು. "ನಡ್ಕ್ತಿತ್ತ್, ನಡ್ಕ್ತಿತ್ತ್" ಎಂದು ಗೊಣಗುತ್ತಾ ನೂಲು ಬಿಡಿಸತೊಡಗಿದರು. ಮಾಸ್ತರರ ಮುಖ ಬಿಳಿಚಿಕೊಂಡಿತು. ಅವರು ಕೈ ಎಳೆದುಕೊಳ್ಳಲಿಲ್ಲ. ನನ್ನನ್ನೇ ನೋಡಿದರು.

ನಾನು ಓಡಿದೆ. ಹೇಳಿಯೇಬಿಡುವವಳಿದ್ದೆ, ಅಷ್ಟರಲ್ಲಿ ಹಿಂದಿನಿಂದ ಆ ಹಳೆಯ ಗಂಟಲು ಕೇಳಿಸಿತು.

"ಹ್ವಾಯ್ ಅಕ್ಕಾ! ಅವ್ರಿಗೆ ಸೊಂಟಕ್ಕ್ ಕಟ್ಕ್!"

ಅಕ್ಕ ತಿರುಗಿದರು. "ಪಾತ್ರಿ ರಟ್ಟಿಗೆ ಅಂದಿರ್ ಕಾಣ್."

"ಅದ್ ನಂಗೆ. ನಂದ್ ರಟ್ಟಿಯಂಗೇ ಹುಟ್ಟಿದ್ದ್. ಇವ್ರದ್ದೆಲ್ಲ ಸೊಂಟದಿಂದ ಬಂದದ್ದ್. ಕಿಡ್ನಿ ಇಪ್ಪುದ್ ಅಲ್ಲೇ ಅಲ್ದಾ? ನರ್ಸಮ್ಮನ್ನೇ ಕೇಣ್."

ಅಕ್ಕ ನನ್ನ ಮುಖ ನೋಡಿದರು. "ಹೌದ್ ಅಕ್ಕ, ಸೊಂಟಕ್ಕೆ" ಎಂದೆ. ಮಾಸ್ತರರು ಉಸಿರು ಬಿಟ್ಟು ಅಂಗಿ ಮೇಲೆತ್ತಿದರು. ಅಕ್ಕ ಅವರ ಸೊಂಟಕ್ಕೆ ನೂಲು ಕಟ್ಟಿದರು. ಆಮೇಲೆ ಪಕ್ಕದ ಮಂಚ, ಅದರ ಪಕ್ಕದ ಮಂಚ. ಯಾರೂ ಬೇಡವೆನ್ನಲಿಲ್ಲ. ಮೂಲೆಯ ಬ್ರಹ್ಮಾವರದ ಹೆಂಗಸು ಸೆರಗು ಸರಿಸಿ ಕಟ್ಟಿಸಿಕೊಂಡು ಅಕ್ಕನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಕಂಡಕ್ಟರಣ್ಣನ ರಟ್ಟೆ ಹೇಗೆ ನಿಂತಿತೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಕ್ಕನೊಬ್ಬರನ್ನು ಬಿಟ್ಟು. ನಾನು ಮಂಚದ ಕಡೆ ತಿರುಗಿದಾಗ ಕಂಡಕ್ಟರಣ್ಣ ಕಣ್ಣು ಮುಚ್ಚಿಕೊಂಡಿದ್ದರು, ರೆಪ್ಪೆ ಒದ್ದೆಯಾಗಿತ್ತು.

ಮಳೆಗಾಲ ಕಾಲಿಡುವ ಹೊತ್ತಿಗೆ ಕೊಳವೆಯಿಂದ ಜ್ವರ ಬಂತು. ಕೊಳವೆ ತೆಗೆದು ಇನ್ನೊಂದು ಬದಿಗೆ ಹಾಕಿದರು, ಅಲ್ಲೂ ಜ್ವರ. ಕೊನೆಯ ಸಲ ನನ್ನ ಪಾಳಿಯಲ್ಲಿ ಮಲಗಿದ್ದಾಗ ಅವರಿಗೆ ಮಾತು ಕಷ್ಟವಾಗಿತ್ತು. ಎಡರಟ್ಟೆ ತಾವಾಗಿ ಚಾಚಲಿಲ್ಲ. ನಾನೇ ಹೋಗಿ ಅಂಗೈ ಇಟ್ಟೆ. ಕಣ್ಣು ತೆರೆದು ನನ್ನನ್ನು ನೋಡಿ, "ಹೇಳ್ಬ್ಯಾಡ" ಎಂದರು. ಅಷ್ಟೇ. ಎರಡು ದಿನದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದು ಫೋನು ಬಂತು.

ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ನಾನು ಕೋಡಿಗೆ ಹೋದೆ. ಅಕ್ಕ ಜಗಲಿಯಲ್ಲಿ ಕೂತಿದ್ದರು. ಅಂಗಳದಲ್ಲಿ ಬುಟ್ಟಿ ಮಗುಚಿ ಹಾಕಿತ್ತು. ಅಳಲಿಲ್ಲ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಸಣ್ಣವನಿದ್ದಾಗ ಬುಟ್ಟಿಯ ಬಂಗುಡೆಗಳಿಗೆ ಹೆಸರಿಟ್ಟು ಕರೆಯುತ್ತಿದ್ದುದನ್ನು, ಮೊದಲ ಸಲ ಖಾಕಿ ಅಂಗಿ ಹಾಕಿಕೊಂಡು ಸೀಟಿ ಊದುತ್ತ ಮನೆಯೆಲ್ಲ ತಿರುಗಿದ್ದನ್ನು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದ್ ಮಾತ್ ಕೇಂತೆ ಹೆಣ್ಣೆ. ನೀನ್ ಕಲ್ತವ್ಳ್, ಸಮ ಹೇಳ್ಕ್. ಅವನ ರಟ್ಟಿಯ ನಡ್ಕ ನಿಂತದ್ದ್ ನಾನ್ ಕಟ್ಟಿದ ನೂಲಿಂದವೇ ಅಲ್ದಾ?"

ಹಗಲು ಬೆಳಕಿನಲ್ಲಿ ಅವರ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು.

"ಹೌದ್ ಅಕ್ಕ" ಎಂದೆ. "ಆ ನೂಲಿಂದವೇ."

ಅವರು ನಿಧಾನವಾಗಿ ತಲೆಯಾಡಿಸಿದರು. "ಜ್ವರ ಒಂದ್ ಬರ್ದಿದ್ರೆ ಬದ್ಕ್ತಿದ್ದ" ಎಂದರು. ಎದ್ದು ಒಳಗೆ ಹೋಗಿ ದೇವರ ಮಂಟಪದಿಂದ ಏನೋ ಹಿಡಿದುಕೊಂಡು ಬಂದರು. ಆಸ್ಪತ್ರೆಗೆ ತಂದ ನೂಲಿನಲ್ಲಿ ಉಳಿದ ಕೊನೆಯ ಒಂದು ಎಳೆ.

"ಅಷ್ಟ್ ಜನರ ರಕ್ತ ಮುಟ್ಟುವವ್ಳ್ ನೀನ್. ನನ್ನ ತಮ್ಮನ್ನ ಕಂಡ್ಕಂಡವ್ಳ್. ಕೈ ಕೊಡ್ ಕಾಂಬ."

ನಾನು ಸೆರಗು ಸರಿಸಿ ಎಡಗೈ ಚಾಚಿದೆ. ಅವರು ರವಿಕೆಯ ತೋಳಿನ ಕೆಳಗೆ, ಕಂಡಕ್ಟರಣ್ಣ ನನ್ನನ್ನು ಬಸ್ಸಿಗೆ ಎಳೆದುಕೊಳ್ಳುವಾಗ ಹಿಡಿಯುತ್ತಿದ್ದ ಜಾಗದಲ್ಲೇ ನೂಲು ಸುತ್ತಿದರು. ಉಪ್ಪುನೀರಿನಲ್ಲಿ ಒರಟಾದ ಬೆರಳು. ಎರಡು ಗಂಟು ಹಾಕಿ ಎಳೆದರು. ಅದರ ಅಡಿಯಲ್ಲಿ ನನ್ನ ನಾಡಿ ಬಡಿಯುವುದು ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು.

"ಬಿಗಿ ಆಯ್ತಾ ಮಗಾ?" ಎಂದು ಕೇಳಿದರು.

"ಇಲ್ಲೆ ಅಕ್ಕ" ಎಂದೆ.